ವಿದೇಶಿ ಸರ್ಕಾರದ ಮೇಲೆ ಕೇಸು: ಒಂದು ದೇಶದ ಕೋರ್ಟು ಅಂತರರಾಷ್ಟ್ರೀಯ ಕಾನೂನನ್ನು ಮುರಿಯುತ್ತಾ, ಬೆಳೆಸುತ್ತಾ?

ಮೊದಲಓದು

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಒಂದು ಪ್ರಶ್ನೆ ತಲೆ ಕೊರೆಯುತ್ತಿದೆ. ತಿಳಿದವರು ಬಿಡಿಸಿ ಹೇಳಿ.

2012ರ ಫೆಬ್ರವರಿ 3ರಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಒಂದು ತೀರ್ಪು ಕೊಟ್ಟಿತು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೇನೆ ಮಾಡಿದ ಅಪರಾಧಗಳಿಗೆ ಪರಿಹಾರ ಕೇಳಿ ಜನ ಹೂಡಿದ್ದ ದಾವೆಗಳನ್ನು ಇಟಲಿಯ ಕೋರ್ಟುಗಳು ವಿಚಾರಣೆಗೆ ತೆಗೆದುಕೊಂಡಿದ್ದೇ ತಪ್ಪು, ಒಂದು ದೇಶವನ್ನು ಇನ್ನೊಂದು ದೇಶದ ಕೋರ್ಟಿಗೆ ಎಳೆಯುವ ಹಾಗಿಲ್ಲ ಅನ್ನುವ ವಿನಾಯಿತಿ ಜರ್ಮನಿಗೆ ಇದೆ ಅಂತ. 12 ಮಂದಿ ನ್ಯಾಯಮೂರ್ತಿಗಳು ಜರ್ಮನಿಯ ಪರ, 3 ಮಂದಿ ವಿರುದ್ಧ. ಇಟಲಿಯ ಸಂಸತ್ತು ಅದಕ್ಕೆ ತಲೆಬಾಗಿ 2013ರಲ್ಲಿ ಕಾನೂನನ್ನೂ ಮಾಡಿತು. ಮರುವರ್ಷ ಇಟಲಿಯ ಸಾಂವಿಧಾನಿಕ ನ್ಯಾಯಾಲಯ ತನ್ನ 238ನೇ ತೀರ್ಪಿನಲ್ಲಿ ಆ ಕಾನೂನಿನ ಮುಖ್ಯ ಭಾಗವನ್ನೇ ರದ್ದು ಮಾಡಿತು. ಘೋರ ಅಪರಾಧಕ್ಕೆ ಗುರಿಯಾದವರಿಗೆ ಕೋರ್ಟಿನ ಬಾಗಿಲನ್ನೇ ಮುಚ್ಚಿಬಿಡುವಂಥ ವಾಡಿಕೆ ನಿಯಮ (ದೇಶಗಳ ನಡವಳಿಕೆಯಿಂದ ಬೆಳೆದ ನಿಯಮ) ನಮ್ಮ ಸಂವಿಧಾನದ ಒಳಗೆ ಬರೋದಿಲ್ಲ ಅಂದಿತು.

ನನ್ನ ಪ್ರಶ್ನೆ ಇಷ್ಟೇ. ಹೇಗ್ ಒಂದು ಮಾತು ಹೇಳಿದ ಮೇಲೆ ರೋಮ್‌ನ ಕೋರ್ಟು ಬೇರೆ ಮಾತು ಹೇಳಿದರೆ ಅದು ಕಾನೂನು ಮುರಿದ ಹಾಗಲ್ವಾ? ಅಥವಾ ಇನ್ನೂ ಹುಟ್ಟದ ಹೊಸ ನಿಯಮದ ಮೊದಲ ಹೆಜ್ಜೆಯಾ?

ಕರಿಕೋಟು

ಒಳ್ಳೆ ಪ್ರಶ್ನೆ ಮೇಡಂ. ಆದರೆ ಇಟಲಿಯಿಂದ ಶುರು ಮಾಡಿದರೆ ದಾರಿ ತಪ್ಪುತ್ತದೆ. ಮೊದಲು ಒಂದು ಹಡಗಿನ ಕಥೆ ಹೇಳುತ್ತೇನೆ.

ಬಾಲ್ಟಿಮೋರ್‌ನಿಂದ ಸ್ಪೇನ್ ಕಡೆ ಹೊರಟಿದ್ದ ಎಕ್ಸ್‌ಚೇಂಜ್ ಅನ್ನುವ ಅಮೆರಿಕನ್ ಹಡಗನ್ನು 1810ರ ಕೊನೆಗೆ ನೆಪೋಲಿಯನ್‌ನ ಜನ ಹಿಡಿದುಕೊಂಡರು. ಹೆಸರು ಬದಲಾಯಿಸಿ, ತೋಪು ಹತ್ತಿಸಿ, ಫ್ರೆಂಚ್ ಯುದ್ಧನೌಕೆ ಮಾಡಿದರು. 1811ರಲ್ಲಿ ಅದೇ ಹಡಗು ಸಮುದ್ರದ ಹೊಡೆತ ತಿಂದು ರಿಪೇರಿಗೆ ಅಂತ ಫಿಲಡೆಲ್ಫಿಯಾ ಬಂದರಿಗೆ ಬಂತು. ಹಳೆ ಮಾಲೀಕರು ನೋಡಿದರು. ತಮ್ಮದೇ ಹಡಗು, ತಮ್ಮದೇ ದೇಶದ ಬಂದರು. ಸೀದಾ ಕೋರ್ಟಿಗೆ ಹೋದರು.

1812ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಕೊಟ್ಟ ಉತ್ತರ: ಒಂದು ದೇಶಕ್ಕೆ ತನ್ನ ನೆಲದ ಮೇಲೆ ಪೂರ್ತಿ ಅಧಿಕಾರ ಇದೆ. ಆದರೆ ಸ್ನೇಹದಿಂದಿರುವ ರಾಜ್ಯದ ಯುದ್ಧನೌಕೆ ತೆರೆದ ಬಂದರಿಗೆ ಬಂದರೆ, ಅದನ್ನು ಮುಟ್ಟುವುದಿಲ್ಲ ಅಂತ ಆ ದೇಶವೇ ಮೌನವಾಗಿ ಒಪ್ಪಿದ ಹಾಗೆ. ಮಾಲೀಕರು ಸೋತರು.

ಇಲ್ಲಿ ಗಮನಿಸಬೇಕಾದದ್ದು ಬೇರೆ. ಮಾರ್ಷಲ್ ಮುಂದೆ ಯಾವ ಒಪ್ಪಂದದ ಪುಸ್ತಕವೂ ಇರಲಿಲ್ಲ. ವಿನಾಯಿತಿಯ ನಿಯಮಕ್ಕೆ ಮೊದಲ ಗಟ್ಟಿ ರೂಪ ಕೊಟ್ಟಿದ್ದೇ ಒಂದು ದೇಶದ ಒಳಗಿನ ಕೋರ್ಟು. ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ. ರಾಜನೊಬ್ಬ ಪರದೇಶದಲ್ಲಿ ಖಾಸಗಿ ಆಸ್ತಿ ಕೊಂಡರೆ, ಆ ಮಟ್ಟಿಗೆ ಅವನು ರಾಜನ ವೇಷ ಕಳಚಿಟ್ಟ ಹಾಗೆ ಅಂತ ನೋಡಬಹುದು ಅಂದರು. ಮುಂದಿನ 150 ವರ್ಷದ ಜಗಳವೆಲ್ಲ ಈ ಸಣ್ಣ ಕಿಂಡಿಯ ಮೂಲಕವೇ ನಡೆಯಿತು.

ಯುರೋಪಿನಲ್ಲಿ ಸರ್ಕಾರಗಳೇ ರೈಲು ಓಡಿಸಲು, ತಂಬಾಕು ಮಾರಲು ಶುರು ಮಾಡಿದ ಕಾಲ. ಬೆಲ್ಜಿಯಂ ಮತ್ತು ಇಟಲಿಯ ಕೋರ್ಟುಗಳು ಹೇಳಿದವು: ಸರ್ಕಾರ ಸರ್ಕಾರವಾಗಿ ಮಾಡಿದ ಕೆಲಸ ಬೇರೆ, ವ್ಯಾಪಾರಿಯಾಗಿ ಮಾಡಿದ ಕೆಲಸ ಬೇರೆ. ಎರಡನೆಯದಕ್ಕೆ ವಿನಾಯಿತಿ ಇಲ್ಲ. 1903ರಲ್ಲಿ ಬೆಲ್ಜಿಯಂನ ಅತ್ಯುನ್ನತ ಕೋರ್ಟು, ಐಂಡ್‌ಹೋವನ್ ರೈಲು ನಿಲ್ದಾಣ ದೊಡ್ಡದು ಮಾಡುವ ಒಂದು ಗುತ್ತಿಗೆಯ ವಿಚಾರದಲ್ಲಿ ಡಚ್ ಸರ್ಕಾರದ ಮೇಲೆ ದಾವೆ ನಡೆಯಬಹುದು ಅಂದಿತು. ಆಗ ಬ್ರಿಟನ್, ಅಮೆರಿಕ ಎಲ್ಲ ಪೂರ್ಣ ವಿನಾಯಿತಿ ಅಂತಲೇ ಪಟ್ಟು ಹಿಡಿದಿದ್ದವು. ಅವರ ಕಣ್ಣಿಗೆ ಬೆಲ್ಜಿಯಂ ಕಾನೂನು ಮುರಿದಿತ್ತು. ಇವತ್ತು ಅದೇ ನಿಯಮ.

ಗಡಿಕಲ್ಲು

ಕರಿಕೋಟು ಸರ್, ಕಥೆ ಚೆನ್ನಾಗಿದೆ. ಆದರೆ ರೈಲು ನಿಲ್ದಾಣದ ಗುತ್ತಿಗೆಯನ್ನೂ ಯುದ್ಧವನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ.

ವಿನಾಯಿತಿ ಅನ್ನೋದು ತಪ್ಪು ಮಾಡಿದವರಿಗೆ ಕೊಡುವ ಬಹುಮಾನ ಅಲ್ಲ. ಸಮಾನರಲ್ಲಿ ಒಬ್ಬ ಇನ್ನೊಬ್ಬನ ಮೇಲೆ ತೀರ್ಪು ಕೊಡುವ ಹಾಗಿಲ್ಲ ಅನ್ನುವ ಸರಳ ತತ್ವ. ನಾಳೆ ಪ್ರತಿ ದೇಶದ ಪ್ರತಿ ಜಿಲ್ಲಾ ಕೋರ್ಟೂ ಬೇರೆ ದೇಶದ ಸೇನೆ ಏನು ಮಾಡಿತು ಅಂತ ವಿಚಾರಣೆಗೆ ಕೂತರೆ ಯಾರು ಯಾರ ಜೊತೆ ಮಾತಾಡೋದು? ಬಲಾಢ್ಯ ದೇಶಗಳು ಸಣ್ಣ ದೇಶಗಳ ಆಸ್ತಿಯನ್ನು ಜಪ್ತಿ ಮಾಡುತ್ತಾ ಹೋಗುತ್ತವೆ. ಉಲ್ಟಾ ಆಗೋದು ಕಡಿಮೆ. ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ. ವಿನಾಯಿತಿಯಿಂದ ಹೆಚ್ಚು ರಕ್ಷಣೆ ಸಿಗೋದು ದುರ್ಬಲ ದೇಶಕ್ಕೇ.

ಇನ್ನೊಂದು ಮಾತು. ನ್ಯಾಯಾಧೀಶರನ್ನು ಅಂತರರಾಷ್ಟ್ರೀಯ ಕಾನೂನು ಬರೆಯಲಿ ಅಂತ ಯಾರೂ ಕೂರಿಸಿಲ್ಲ. ಅದು ದೇಶಗಳ ಕೆಲಸ, ಒಪ್ಪಂದದ ಮೂಲಕ.

ಮೊದಲಓದು

ನನಗೂ ಅಲ್ಲೇ ಗೊಂದಲ. ಒಂದು ಕೋರ್ಟಿನ ತೀರ್ಪು ಆ ದೇಶದ ಗಡಿಯೊಳಗೆ ಮಾತ್ರ ನಡೆಯುತ್ತದೆ. ಅದು ಇಡೀ ಜಗತ್ತಿನ ನಿಯಮ ಆಗೋದು ಹೇಗೆ?

ಕರಿಕೋಟು

ಒಂದೇ ತೀರ್ಪಿನಿಂದ ಆಗೋದಿಲ್ಲ. ಕಾಲುದಾರಿ ಆಗುವ ಹಾಗೆ ಆಗುತ್ತದೆ. ಒಬ್ಬ ನಡೆದರೆ ಹುಲ್ಲು ಬಾಗುತ್ತದೆ ಅಷ್ಟೆ. ಹಲವರು ಅದೇ ಜಾಗದಲ್ಲಿ ನಡೆದರೆ, ನಡೆಯುವ ಹಕ್ಕಿದೆ ಅಂತ ತಿಳಿದೇ ನಡೆದರೆ, ಆಗ ದಾರಿ.

ವಾಡಿಕೆ ಕಾನೂನಿಗೆ ಎರಡು ಬೇಕು. ದೇಶಗಳು ಹಾಗೆ ನಡೆದುಕೊಳ್ಳಬೇಕು. ಅದು ಕಾನೂನು ಅಂತ ನಂಬಿ ನಡೆದುಕೊಳ್ಳಬೇಕು. ಕೋರ್ಟು ಅನ್ನೋದು ದೇಶದ್ದೇ ಒಂದು ಅಂಗ. ಹಾಗಾಗಿ ತೀರ್ಪು ಕೊಟ್ಟಾಗ ದೇಶವೇ ನಡೆದುಕೊಂಡ ಹಾಗೆ. ಮೇಲಾಗಿ ಕೋರ್ಟು ಯಾಕೆ ಹಾಗೆ ಮಾಡಿದೆ ಅಂತ ಕಾರಣ ಬರೆಯುತ್ತದೆ. ಮಂತ್ರಿಯೊಬ್ಬರು ವಿನಾಯಿತಿ ಕೊಟ್ಟರೆ ಅದು ಕಾನೂನಿನ ಭಯಕ್ಕಾ, ಸ್ನೇಹಕ್ಕಾ, ತೈಲಕ್ಕಾ ಅಂತ ಹೇಳೋದು ಕಷ್ಟ. ತೀರ್ಪಿನಲ್ಲಿ ಅದು ಬಿಡಿಸಿ ಬರೆದಿರುತ್ತದೆ. ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಕಾನೂನು ಆಯೋಗವೂ 2018ರಲ್ಲಿ ಇದನ್ನೇ ಒಪ್ಪಿಕೊಂಡಿತು. ದೇಶೀಯ ಕೋರ್ಟುಗಳ ತೀರ್ಪು ನಡವಳಿಕೆಗೂ ಸಾಕ್ಷಿ, ನಂಬಿಕೆಗೂ ಸಾಕ್ಷಿ, ನಿಯಮ ಏನು ಅಂತ ತಿಳಿಯಲು ನೆರವೂ ಹೌದು ಅಂತ.

ಇದಕ್ಕೆ ನನ್ನ ಮೆಚ್ಚಿನ ಉದಾಹರಣೆ ಒಂದು ಹೀಟರ್ ರಿಪೇರಿ ಬಿಲ್ಲು. ಪಶ್ಚಿಮ ಜರ್ಮನಿಯಲ್ಲಿ ಇರಾನ್ ರಾಯಭಾರ ಕಚೇರಿಯ ಕಟ್ಟಡ ಬಿಸಿ ಮಾಡುವ ವ್ಯವಸ್ಥೆ ಕೆಟ್ಟಿತ್ತು. ಒಂದು ಕಂಪನಿ ಸರಿಮಾಡಿತು. ದುಡ್ಡು ಬರಲಿಲ್ಲ. ಬಾಕಿ 300 ಮಾರ್ಕ್‌ಗೂ ಕಡಿಮೆ. ಕೇಸು ಕಲೋನ್ ಕೋರ್ಟಿಗೆ ಬಂತು. ಅಲ್ಲಿಂದ ಸಾಂವಿಧಾನಿಕ ನ್ಯಾಯಾಲಯಕ್ಕೆ ಹೋಯಿತು. ಯಾಕಂದರೆ ಅಂತರರಾಷ್ಟ್ರೀಯ ನಿಯಮ ಏನು ಅಂತ ಅನುಮಾನ ಬಂದರೆ ಕೆಳಗಿನ ಕೋರ್ಟು ಆ ಪ್ರಶ್ನೆಯನ್ನು ಮೇಲಕ್ಕೆ ಕಳಿಸಬೇಕು ಅಂತ ಜರ್ಮನ್ ಸಂವಿಧಾನದ 100ನೇ ವಿಧಿ ಹೇಳುತ್ತದೆ. 1963ರ ಏಪ್ರಿಲ್ 30ರ ತೀರ್ಪಿನಲ್ಲಿ ನ್ಯಾಯಮೂರ್ತಿಗಳು ದೇಶ ದೇಶಗಳ ತೀರ್ಪು, ಒಪ್ಪಂದ, ಪಂಡಿತರ ಬರಹ ಎಲ್ಲವನ್ನೂ ತೆರೆದು ನೋಡಿದರು. ಪೂರ್ಣ ವಿನಾಯಿತಿ ಈಗ ಎಲ್ಲರೂ ಪಾಲಿಸುವ ವಾಡಿಕೆಯಾಗಿ ಉಳಿದಿಲ್ಲ ಅಂತ ತೀರ್ಮಾನಿಸಿದರು. ಕೆಲಸದ ಉದ್ದೇಶ ನೋಡಬೇಡಿ, ಸ್ವಭಾವ ನೋಡಿ ಅಂದರು. ರಾಯಭಾರ ಕಚೇರಿ ನಡೆಸೋದು ಸರ್ಕಾರದ ಕೆಲಸವೇ. ಆದರೆ ಹೀಟರ್ ರಿಪೇರಿ ಮಾಡಿಸೋದು ಯಾರು ಬೇಕಾದರೂ ಮಾಡುವ ಕರಾರು.

ಗಡಿಕಲ್ಲು ಸರ್, ಒಪ್ಪಂದ ಮಾಡೋದು ದೇಶಗಳ ಕೆಲಸ ಅಂದಿರಿ. ಮಾಡಿದ್ದಾರೆ. 2004ರಲ್ಲಿ ವಿಶ್ವಸಂಸ್ಥೆ ದೇಶಗಳ ವಿನಾಯಿತಿ ಬಗ್ಗೆ ಒಪ್ಪಂದ ಒಪ್ಪಿಕೊಂಡಿತು. ಜಾರಿಗೆ ಬರಲು 30 ದೇಶಗಳ ಅಂಗೀಕಾರ ಬೇಕು. ಇಪ್ಪತ್ತು ವರ್ಷ ಕಳೆದ ಮೇಲೂ ಆ ಸಂಖ್ಯೆ ಮುಟ್ಟಲಿಲ್ಲ. ಬಿಲ್ಲು ಬಾಕಿ ಇರುವವನು ಅಲ್ಲಿಯವರೆಗೆ ಕಾಯಬೇಕಾ?

ಹಳೆಪತ್ರಿಕೆ

ಹಣದ ಬಾಕಿ ವಿಷಯ ಇಬ್ಬರಿಗೂ ಒಪ್ಪಿಗೆ ಇದ್ದ ಹಾಗಿದೆ. ನಾನು ಮೇಡಂ ಕೇಳಿದ ಜಾಗಕ್ಕೇ ವಾಪಸ್ ಹೋಗುತ್ತೇನೆ.

1944ರ ಜೂನ್ 10. ಗ್ರೀಸ್‌ನ ಡಿಸ್ಟೊಮೊ ಅನ್ನುವ ಹಳ್ಳಿ. ಜರ್ಮನ್ ಪಡೆ ಒಂದೇ ಮಧ್ಯಾಹ್ನ ಇನ್ನೂರಕ್ಕೂ ಹೆಚ್ಚು ಜನರನ್ನು ಕೊಂದಿತು. ಮನೆ ಮನೆಗೆ ನುಗ್ಗಿ. ಕೂಸುಗಳನ್ನೂ ಬಿಡಲಿಲ್ಲ. ಉಳಿದವರು, ಅವರ ಮಕ್ಕಳು 50 ವರ್ಷದ ನಂತರ ಕೋರ್ಟಿಗೆ ಹೋದರು. 1997ರಲ್ಲಿ ಲಿವಾಡಿಯಾ ಊರಿನ ಕೋರ್ಟು ಅವರ ಪರ ತೀರ್ಪು ಕೊಟ್ಟಿತು. 2000ದಲ್ಲಿ ಗ್ರೀಸ್‌ನ ಅತ್ಯುನ್ನತ ಕೋರ್ಟು ಅದನ್ನು ಎತ್ತಿಹಿಡಿಯಿತು. ಇಂಥ ಅಪರಾಧಕ್ಕೆ ವಿನಾಯಿತಿ ಇಲ್ಲ ಅಂದಿತು. ಕೈಯಲ್ಲಿ ಡಿಕ್ರಿ ಇದೆ. ಆದರೆ ವಿದೇಶಿ ಸರ್ಕಾರದ ಆಸ್ತಿ ಮೇಲೆ ಡಿಕ್ರಿ ಜಾರಿ ಮಾಡಲು ಕಾನೂನು ಮಂತ್ರಿಯ ಒಪ್ಪಿಗೆ ಬೇಕು. ಒಪ್ಪಿಗೆ ಬರಲೇ ಇಲ್ಲ. 2002ರಲ್ಲಿ ಗ್ರೀಸ್‌ನದೇ ವಿಶೇಷ ನ್ಯಾಯಾಲಯ ಇನ್ನೊಂದು ಕೇಸಿನಲ್ಲಿ ಜರ್ಮನಿಗೆ ವಿನಾಯಿತಿ ಇದೆ ಅಂದುಬಿಟ್ಟಿತು.

ಆ ಜನ ಡಿಕ್ರಿಯನ್ನು ಹಿಡಿದುಕೊಂಡು ಇಟಲಿಗೆ ಹೋದರು. ಅಲ್ಲಿ ಫೆರಿನಿ ಅನ್ನುವ ಇಟಲಿಯವರೊಬ್ಬರು ಜರ್ಮನಿಯ ಮೇಲೆ ಕೇಸು ಗೆದ್ದಾಗಿತ್ತು. ಫೆರಿನಿಯನ್ನು 1944ರ ಆಗಸ್ಟ್‌ನಲ್ಲಿ ಹಿಡಿದು ಜರ್ಮನಿಗೆ ಸಾಗಿಸಿ, ಯುದ್ಧ ಮುಗಿಯುವವರೆಗೆ ಶಸ್ತ್ರಾಸ್ತ್ರ ಕಾರ್ಖಾನೆಯಲ್ಲಿ ದುಡಿಸಿದ್ದರು. 1998ರಲ್ಲಿ ದಾವೆ ಹಾಕಿದರು. ಅರೆಝ್ಜೊದಲ್ಲಿ ಸೋತರು, ಫ್ಲಾರೆನ್ಸ್‌ನಲ್ಲಿ ಸೋತರು. 2004ರ ಮಾರ್ಚ್ 11ರಂದು ಇಟಲಿಯ ಅತ್ಯುನ್ನತ ಕೋರ್ಟಾದ ಕಸೇಶನ್ ಕೋರ್ಟು ಅವರ ದಾವೆ ನಡೆಯಬಹುದು ಅಂದಿತು. ಅಷ್ಟಾದ ಮೇಲೆ ಗ್ರೀಸ್‌ನವರು ಕೊಮೊ ಸರೋವರದ ಹತ್ತಿರ ಜರ್ಮನ್ ಸರ್ಕಾರಕ್ಕೆ ಸೇರಿದ ವಿಲ್ಲಾ ವಿಗೊನಿ ಅನ್ನುವ ಬಂಗಲೆಯ ಮೇಲೆ ತಮ್ಮ ಬಾಕಿಯನ್ನು ದಾಖಲು ಮಾಡಿಸಿದರು. ಜರ್ಮನಿ ಹೇಗ್‌ಗೆ ಹೋಗಿದ್ದು ಆಗ.

ನಾನು ಇದನ್ನು ಎಷ್ಟು ಸಲ ಓದಿದರೂ ಒಂದು ಕಡೆ ನಿಂತುಬಿಡುತ್ತೇನೆ. ಈ ಜನ ಒಂದು ದೇಶದ ಕೋರ್ಟಿನಿಂದ ಇನ್ನೊಂದು ದೇಶದ ಕೋರ್ಟಿಗೆ ಕಾಗದ ಹಿಡಿದು ನಡೆದರಲ್ಲ, ಅವರಿಗೆ ಬೇರೆ ಯಾವ ಬಾಗಿಲಿತ್ತು? ಹೇಗ್‌ನ ಆ ನ್ಯಾಯಾಲಯಕ್ಕೆ ದೇಶಗಳು ಮಾತ್ರ ಹೋಗಬಹುದು. ವ್ಯಕ್ತಿಗಳಿಗೆ ಪ್ರವೇಶವಿಲ್ಲ.

ಗಡಿಕಲ್ಲು

ಹಳೆಪತ್ರಿಕೆ ಅವರೇ, ಡಿಸ್ಟೊಮೊ ಬಗ್ಗೆ ಓದಿದಾಗ ನನಗೂ ಹೊಟ್ಟೆ ತಿರುಚುತ್ತದೆ. ಅದನ್ನು ಸಣ್ಣದು ಮಾಡುವ ಮಾತು ನನ್ನಿಂದ ಬರೋದಿಲ್ಲ.

ಆದರೆ ಹೇಗ್ ಏನು ಹೇಳಿತು ಅಂತ ಸರಿಯಾಗಿ ನೋಡಿ. ಅಪರಾಧ ಆಗಿಲ್ಲ ಅಂತ ಹೇಳಲಿಲ್ಲ. ಜರ್ಮನಿಯೂ ಅಲ್ಲಗಳೆಯಲಿಲ್ಲ. ತಪ್ಪು ಆಯಿತಾ ಅನ್ನೋದು ಒಂದು ಪ್ರಶ್ನೆ. ಅದನ್ನು ಯಾವ ಕೋರ್ಟು ವಿಚಾರಿಸಬೇಕು ಅನ್ನೋದು ಇನ್ನೊಂದು ಪ್ರಶ್ನೆ. ವಿನಾಯಿತಿ ಎರಡನೆಯದಕ್ಕೆ ಸೇರಿದ್ದು. ಮೊದಲನೆಯದು ಎಷ್ಟೇ ಘೋರವಾಗಿದ್ದರೂ ಎರಡನೆಯದರ ಉತ್ತರ ತಾನಾಗಿ ಬದಲಾಗೋದಿಲ್ಲ. ಕೆನಡಾ, ಫ್ರಾನ್ಸ್, ಸ್ಲೊವೇನಿಯಾ, ನ್ಯೂಜಿಲೆಂಡ್, ಪೋಲೆಂಡ್, ಬ್ರಿಟನ್ ಕೋರ್ಟುಗಳೆಲ್ಲ ವಿನಾಯಿತಿ ಪರ ಇದ್ದವು. ಇಟಲಿ ಹೆಚ್ಚುಕಡಿಮೆ ಒಂಟಿ.

ಜಪ್ತಿ ಬಗ್ಗೆ ಹೇಳಿದ್ದೆನಲ್ಲ, ಅದಕ್ಕೆ ನಿದರ್ಶನ. 2012ರ ಅಕ್ಟೋಬರ್‌ನಲ್ಲಿ ಅರ್ಜೆಂಟೀನಾ ನೌಕಾಪಡೆಯ ತರಬೇತಿ ಹಡಗು ಲಿಬರ್ಟಾಡ್ ಘಾನಾದ ತೆಮಾ ಬಂದರಿಗೆ ಬಂತು. ಸಾಲಪತ್ರದ ಬಾಕಿ ವಸೂಲಿಗೆ ಒಂದು ಹೂಡಿಕೆ ಸಂಸ್ಥೆ ಅಲ್ಲಿನ ಕೋರ್ಟಿನಿಂದ ಹಡಗನ್ನೇ ತಡೆಸಿತು. ನೌಕಾಪಡೆಯ ಹಡಗು! 200 ವರ್ಷದ ಹಿಂದೆ ಮಾರ್ಷಲ್ ಹೇಳಿದ ಪಾಠ. ಕೊನೆಗೆ ಹ್ಯಾಂಬರ್ಗ್‌ನ ಸಮುದ್ರ ಕಾನೂನು ನ್ಯಾಯಮಂಡಳಿ ಡಿಸೆಂಬರ್ 15ರಂದು ಬಿಡಿ ಅಂತ ಆದೇಶಿಸಬೇಕಾಯಿತು. ಮುಂದಿನ ವರ್ಷ ಘಾನಾದ ಸುಪ್ರೀಂ ಕೋರ್ಟೇ ಕೆಳಗಿನ ಕೋರ್ಟು ಮಾಡಿದ್ದು ತಪ್ಪು ಅಂದಿತು. ಕೋರ್ಟುಗಳು ತಪ್ಪೂ ಮಾಡುತ್ತವೆ ಅಲ್ವಾ? ಪ್ರತಿ ತಪ್ಪನ್ನೂ ಹೊಸ ದಾರಿ ಅನ್ನಲಾಗದು.

ಮೊದಲಓದು

ಗಡಿಕಲ್ಲು ಸರ್, ನಿಮ್ಮ ಎರಡು ಪ್ರಶ್ನೆಗಳ ಮಾತು ಅರ್ಥವಾಯಿತು. ಹಾಗಾದರೆ ಚಿಲಿಯ ಮಾಜಿ ಸರ್ವಾಧಿಕಾರಿ ಪಿನೊಷೆಯ ಕೇಸು? ಅಲ್ಲಿ ವಿನಾಯಿತಿ ಸೋತಿತಲ್ಲ?

ಕರಿಕೋಟು

ಅದು ವ್ಯಕ್ತಿಯ ಮೇಲಿನ ಕ್ರಿಮಿನಲ್ ಕೇಸು. ಇಟಲಿಯದು ದೇಶದ ಮೇಲಿನ ಸಿವಿಲ್ ದಾವೆ. ಎರಡೂ ಬೇರೆ ಗಾಡಿ, ವೇಗವೂ ಬೇರೆ.

ವ್ಯಕ್ತಿಗಳಿಗೆ ಎರಡು ಥರದ ವಿನಾಯಿತಿ. ಒಂದು ಕುರ್ಚಿಗೆ ಅಂಟಿದ್ದು. ರಾಷ್ಟ್ರದ ಮುಖ್ಯಸ್ಥರು, ಪ್ರಧಾನಿ, ವಿದೇಶಾಂಗ ಮಂತ್ರಿ ಕುರ್ಚಿಯಲ್ಲಿ ಇರುವವರೆಗೆ ಬೇರೆ ದೇಶದ ಕೋರ್ಟು ಮುಟ್ಟುವ ಹಾಗಿಲ್ಲ. ಇನ್ನೊಂದು ಕೆಲಸಕ್ಕೆ ಅಂಟಿದ್ದು. ಕುರ್ಚಿ ಬಿಟ್ಟ ಮೇಲೂ ಅಧಿಕಾರದಲ್ಲಿ ಮಾಡಿದ ಕೆಲಸಕ್ಕೆ ರಕ್ಷಣೆ.

1998ರ ಅಕ್ಟೋಬರ್ 16ರಂದು ಲಂಡನ್‌ನಲ್ಲಿ ಆಸ್ಪತ್ರೆಯಲ್ಲಿದ್ದ ಪಿನೊಷೆಯನ್ನು ಸ್ಪೇನ್‌ನ ವಾರಂಟ್ ಮೇಲೆ ಬಂಧಿಸಿದರು. ಹೈಕೋರ್ಟು ವಿನಾಯಿತಿ ಇದೆ ಅಂದಿತು. ಆಗ ಬ್ರಿಟನ್‌ನ ಅತ್ಯುನ್ನತ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್ 3ಕ್ಕೆ 2ರಲ್ಲಿ ಇಲ್ಲ ಅಂದಿತು. ಪೀಠದ ಒಬ್ಬರಿಗೆ, ಕೇಸಿನಲ್ಲಿ ವಾದಿಸಿದ್ದ ಆಮ್ನೆಸ್ಟಿ ಅನ್ನುವ ಮಾನವ ಹಕ್ಕು ಸಂಸ್ಥೆಯ ಜೊತೆ ನಂಟಿತ್ತು ಅಂತ ಆ ತೀರ್ಪೇ ರದ್ದಾಯಿತು. ಹೊಸ ಪೀಠ 1999ರ ಮಾರ್ಚ್ 24ರಂದು 6ಕ್ಕೆ 1ರಲ್ಲಿ ಮತ್ತೆ ವಿನಾಯಿತಿ ಇಲ್ಲ ಅಂದಿತು. ಚಿತ್ರಹಿಂಸೆ ವಿರೋಧಿ ಒಪ್ಪಂದಕ್ಕೆ ಸಹಿ ಹಾಕಿ, ಅದೇ ಚಿತ್ರಹಿಂಸೆಯನ್ನು ಅಧಿಕೃತ ಕೆಲಸ ಅಂತ ಕಾಪಾಡಲು ಆಗೋದಿಲ್ಲ ಅನ್ನೋದು ಅದರ ತಿರುಳು. ಆರೋಗ್ಯದ ಕಾರಣಕ್ಕೆ ಅವರು 2000ದ ಮಾರ್ಚ್‌ನಲ್ಲಿ ಚಿಲಿಗೆ ವಾಪಸ್ ಹೋದರು. ಆದರೆ ತೀರ್ಪು ಉಳಿಯಿತು.

ಆಮೇಲೆ ಹೇಗ್ ಒಂದು ಬೇಲಿ ಹಾಕಿತು. ಕಾಂಗೋದ ವಿದೇಶಾಂಗ ಮಂತ್ರಿ ಯೆರೋಡಿಯಾ ಮೇಲೆ ಬೆಲ್ಜಿಯಂನ ತನಿಖಾ ನ್ಯಾಯಾಧೀಶರು ಹೊರಡಿಸಿದ್ದ ವಾರಂಟ್ ತಪ್ಪು ಅಂತ 2002ರ ಫೆಬ್ರವರಿ 14ರಂದು ಹೇಳಿತು. ಕುರ್ಚಿಯ ವಿನಾಯಿತಿ ಹಾಗೇ ಉಳಿಯಿತು. ಕೆಲಸದ ವಿನಾಯಿತಿಯನ್ನು ಮಾತ್ರ ದೇಶೀಯ ಕೋರ್ಟುಗಳು ಸವೆಸುತ್ತಾ ಬಂದವು. 2021ರ ಜನವರಿಯಲ್ಲಿ ಜರ್ಮನಿಯ ಫೆಡರಲ್ ಕೋರ್ಟು, ಅಫ್ಘನ್ ಸೇನೆಯ ಮಾಜಿ ಲೆಫ್ಟಿನೆಂಟ್ ಒಬ್ಬರ ಕೇಸಿನಲ್ಲಿ, ಯುದ್ಧಾಪರಾಧಕ್ಕೆ ಇಂಥ ರಕ್ಷಣೆ ಸಿಗೋದಿಲ್ಲ ಅಂದಿತು. 2025ರ ಜುಲೈ 25ರಂದು ಫ್ರಾನ್ಸ್‌ನ ಕಸೇಶನ್ ಕೋರ್ಟು ಎರಡು ಬೇರೆ ಬೇರೆ ಕೇಸುಗಳಲ್ಲಿ ಎರಡೂ ಕಡೆಯನ್ನು ಒಂದೇ ದಿನ ತೋರಿಸಿತು. ಸಿರಿಯಾದ ಮಾಜಿ ಅಧ್ಯಕ್ಷ ಅಸ್ಸಾದ್ ಮೇಲಿನ ಹಳೆ ವಾರಂಟ್ ರದ್ದು, ಯಾಕಂದರೆ ಅದು ಹೊರಟಾಗ ಅವರು ಕುರ್ಚಿಯಲ್ಲಿದ್ದರು. ಆದರೆ ಯುದ್ಧಾಪರಾಧ, ಮಾನವತೆಯ ವಿರುದ್ಧದ ಅಪರಾಧಕ್ಕೆ ಕೆಲಸದ ವಿನಾಯಿತಿ ನಡೆಯೋದಿಲ್ಲ.

ಹೀಗೆ ಹೇಗ್‌ಗೂ ದೇಶೀಯ ಕೋರ್ಟಿಗೂ ಯಾವಾಗಲೂ ಜಗಳವೇ ಇಲ್ಲ. ಹೇಗ್ ಬೇಲಿ ಎಲ್ಲಿ ಅಂತ ಹೇಳುತ್ತದೆ. ಇವರು ಬೇಲಿಯ ಈಚೆಗಿನ ಜಾಗವನ್ನು ಉಳುತ್ತಾರೆ.

ಮನೆದೀಪ

ಇಲ್ಲಿವರೆಗೆ ಸುಮ್ಮನೆ ಓದುತ್ತಿದ್ದೆ. ನಾನು ವಕೀಲೆ ಅಲ್ಲ. ಮನೆಗೆಲಸಕ್ಕೆ ಪರದೇಶಕ್ಕೆ ಹೋಗಿ ತೊಂದರೆಗೆ ಸಿಕ್ಕವರ ಜೊತೆ ಹತ್ತು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ನಮ್ಮ ಹತ್ತಿರ ಬರುವವರಿಗೆ ವಿನಾಯಿತಿ ಅನ್ನುವ ಪದ ಗೊತ್ತಿರೋದಿಲ್ಲ. "ಅವರು ಎಂಬೆಸಿ ಅವರು, ಏನೂ ಮಾಡಕ್ಕಾಗಲ್ಲ" ಅನ್ನೋದು ಮಾತ್ರ ಗೊತ್ತಿರುತ್ತದೆ. ಒಬ್ಬರು ಎರಡು ವರ್ಷದ ಸಂಬಳವನ್ನು ಒಂದು ನೋಟ್‌ಬುಕ್‌ನಲ್ಲಿ ತಿಂಗಳು ತಿಂಗಳು ಬರೆದಿಟ್ಟಿದ್ದರು. ಪ್ರತಿ ಸಾಲಿನ ಮುಂದೆ "ಬಂದಿಲ್ಲ". ಆ ಪುಸ್ತಕ ಇವತ್ತಿಗೂ ನನ್ನ ಬೀರುವಿನಲ್ಲಿದೆ.

ಅದಕ್ಕೇ ಬ್ರಿಟನ್ ಸುಪ್ರೀಂ ಕೋರ್ಟಿನ ಎರಡು ತೀರ್ಪು ಇಲ್ಲಿ ಬರಲೇಬೇಕು. 2017ರಲ್ಲಿ ರೇಯಸ್ ಕೇಸು. ರಾಯಭಾರಿ ಕಚೇರಿಯವರ ಅವಧಿ ಮುಗಿದ ಮೇಲೆ, ಮನೆಗೆಲಸಕ್ಕೆ ಇಟ್ಟುಕೊಂಡ ವಿಚಾರದಲ್ಲಿ ಅವರಿಗೆ ವಿನಾಯಿತಿ ಉಳಿಯೋದಿಲ್ಲ ಅಂತಾಯಿತು. 2022ರ ಜುಲೈ 6ರಂದು ಬಸ್ಫರ್ ಕೇಸು. ಲಂಡನ್‌ನಲ್ಲಿ ಸೌದಿ ರಾಜತಾಂತ್ರಿಕರೊಬ್ಬರ ಮನೆಯಲ್ಲಿದ್ದ ಫಿಲಿಪ್ಪೀನ್ಸ್ ಮಹಿಳೆ ಹೇಳಿದ್ದು ಹೀಗಿದೆ. ಬೆಳಗ್ಗೆ 7ರಿಂದ ರಾತ್ರಿ 11.30ರವರೆಗೆ ಕೆಲಸ. ರಜೆ ಇಲ್ಲ. ಕಸ ಹಾಕಲು ಮಾತ್ರ ಹೊರಗೆ. ಯಾವಾಗ ಕರೆದರೂ ಬರಬೇಕು ಅಂತ ಮೈಮೇಲೆ ಸದಾ ಗಂಟೆ. ಅವರು ಉಂಡು ಬಿಟ್ಟಿದ್ದೇ ಊಟ. ಇದೆಲ್ಲ ನಿಜ ಅಂತ ಇಟ್ಟುಕೊಂಡರೆ ವಿನಾಯಿತಿ ಸಿಗುತ್ತದಾ ಅನ್ನೋದು ಕೋರ್ಟಿನ ಮುಂದಿದ್ದ ಪ್ರಶ್ನೆ. 3ಕ್ಕೆ 2ರಲ್ಲಿ, ಸಿಗೋದಿಲ್ಲ ಅಂದರು. ಇನ್ನೊಬ್ಬರ ದುಡಿಮೆಯನ್ನು ಗುಲಾಮಗಿರಿಯಂತೆ ಹಿಂಡಿ ಲಾಭ ಪಡೆಯೋದು ರಾಜತಾಂತ್ರಿಕರ ಬಗೆಗಿನ ವಿಯೆನ್ನಾ ಒಪ್ಪಂದದಲ್ಲಿ ವಿನಾಯಿತಿ ಸಿಗೋದಿಲ್ಲ ಅಂತ ಹೇಳಿದ "ವಾಣಿಜ್ಯ ಚಟುವಟಿಕೆ"ಯೇ ಆಗುತ್ತದೆ ಅಂದರು. 1961ರ ಒಪ್ಪಂದದ ಒಂದು ಅಕ್ಷರವೂ ಬದಲಾಗಿಲ್ಲ. ಓದುವ ರೀತಿ ಬದಲಾಯಿತು.

ಗಡಿಕಲ್ಲು ಸರ್, ವಿನಾಯಿತಿ ದುರ್ಬಲರಿಗೆ ರಕ್ಷಣೆ ಅಂದಿರಿ. ದುರ್ಬಲ ದೇಶಕ್ಕೆ ಇರಬಹುದು. ದುರ್ಬಲ ಮನುಷ್ಯರಿಗೆ ನಾನು ಕಂಡಂತೆ ಅಲ್ಲ.

ಗಡಿಕಲ್ಲು

ಮನೆದೀಪ ಅವರೇ, ಆ ನೋಟ್‌ಬುಕ್ ಮಾತು ಓದಿ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ. ನೀವು ಹೇಳಿದ್ದನ್ನು ಒಪ್ಪುತ್ತೇನೆ. ಮನೆಗೆಲಸ, ಸಂಬಳ, ಹೀಟರ್ ರಿಪೇರಿ, ಇವುಗಳಲ್ಲಿ ಸರ್ಕಾರದ ಗೌರವ ಏನೂ ಅಡಗಿಲ್ಲ. ನನ್ನ ಹಿಂಜರಿಕೆ ಸೇನೆ ಮತ್ತು ಯುದ್ಧದ ವಿಷಯದಲ್ಲಿ ಮಾತ್ರ. ಅಲ್ಲಿ ಇನ್ನೂ ನಿಯಮ ಬದಲಾಗಿಲ್ಲ ಅಂತಲೇ ನನ್ನ ಅಭಿಪ್ರಾಯ.

ಮೊದಲಓದು

ಆದರೆ 2012ರ ನಂತರ ಇಟಲಿ ಒಂಟಿಯಾಗಿ ಉಳಿದಿಲ್ಲ ಅಂತ ಕಾಣುತ್ತದೆ. ಇಲ್ಲಿ ಬಂದ ಮಾತು ಓದಿದ ಮೇಲೆ ಹುಡುಕಿದೆ.

ಕೊರಿಯಾ. ಜಪಾನ್ ಸೇನೆಗೆ ಲೈಂಗಿಕ ಗುಲಾಮರಾಗಿ ದೂಡಲ್ಪಟ್ಟ ಮಹಿಳೆಯರ ಕೇಸು. ಸೋಲ್ ಜಿಲ್ಲಾ ಕೋರ್ಟಿನ ಒಂದು ಪೀಠ 2021ರ ಜನವರಿ 8ರಂದು ಜಪಾನ್‌ಗೆ ವಿನಾಯಿತಿ ಇಲ್ಲ, 12 ಮಂದಿಗೂ ತಲಾ 10 ಕೋಟಿ ವೊನ್ ಕೊಡಬೇಕು ಅಂದಿತು. ಅದೇ ಕೋರ್ಟಿನ ಇನ್ನೊಂದು ಪೀಠ ಏಪ್ರಿಲ್‌ನಲ್ಲಿ ಬೇರೆ ಮಹಿಳೆಯರ ಇಂಥದೇ ದಾವೆಯನ್ನು ವಿನಾಯಿತಿ ಇದೆ ಅಂತ ವಜಾ ಮಾಡಿತು. 2023ರ ನವೆಂಬರ್ 23ರಂದು ಹೈಕೋರ್ಟು ಈ ಎರಡನೆಯದನ್ನು ತಿರುಗಿಸಿತು.

ಬ್ರೆಜಿಲ್. 1943ರಲ್ಲಿ ಜರ್ಮನ್ ಜಲಾಂತರ್ಗಾಮಿ ಮುಳುಗಿಸಿದ ಷಾಂಗ್ರಿ-ಲಾ ಅನ್ನುವ ಮೀನುಗಾರಿಕೆ ದೋಣಿ. 10 ಜನ ಸತ್ತಿದ್ದರು. 2021ರ ಆಗಸ್ಟ್‌ನಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ 6ಕ್ಕೆ 5ರಲ್ಲಿ, ನಮ್ಮ ನೆಲದಲ್ಲಿ ಮಾನವ ಹಕ್ಕು ತುಳಿದ ಕೃತ್ಯಕ್ಕೆ ವಿನಾಯಿತಿ ಇಲ್ಲ ಅಂದಿತು. 2022ರ ಏಪ್ರಿಲ್‌ನಲ್ಲಿ ಯುಕ್ರೇನ್‌ನ ಸುಪ್ರೀಂ ಕೋರ್ಟು ರಷ್ಯಾ ಬಗ್ಗೆ ಇಂಥದೇ ಮಾತು ಹೇಳಿತು.

ಇಷ್ಟಾದರೆ ಹುಲ್ಲು ಬಾಗಿದೆ ಅನ್ನಬಹುದಾ ಸರ್?

ಕರಿಕೋಟು

ಬಾಗಿದೆ. ದಾರಿ ಆಗಿಲ್ಲ. ಬಿಚ್ಚಿ ಹೇಳಬೇಕಂದರೆ ಗಡಿಕಲ್ಲು ಸರ್ ಹೇಳಿದ್ದು ಇವತ್ತಿನ ದಿನಕ್ಕೆ ಸರಿ. 6ಕ್ಕೆ 5 ಅನ್ನುವ ಅಂಕಿಯೇ ಹೇಳುತ್ತದೆ, ನ್ಯಾಯಾಧೀಶರೊಳಗೇ ಇನ್ನೂ ಒಮ್ಮತ ಇಲ್ಲ ಅಂತ.

ಆದರೆ ಒಂದು ಬೇಸರ ಹಂಚಿಕೊಳ್ಳಬೇಕು. ಯಾರ ಕೋರ್ಟಿನ ಹೆಜ್ಜೆ ಲೆಕ್ಕಕ್ಕೆ ಬರುತ್ತದೆ? ಲೆಕ್ಕ ಹಾಕುವ ಪಟ್ಟಿಗಳನ್ನು ತೆರೆದರೆ ಯುರೋಪ್ ಮತ್ತು ಉತ್ತರ ಅಮೆರಿಕದ ತೀರ್ಪುಗಳೇ ಜಾಸ್ತಿ. ಭಾಷೆ ಒಂದು ಕಾರಣ. ಇಂಗ್ಲಿಷ್, ಫ್ರೆಂಚ್‌ನಲ್ಲಿ ಬರೆದ ತೀರ್ಪು ಎಲ್ಲರ ಮೇಜಿಗೆ ಹೋಗುತ್ತದೆ. ಪೋರ್ಚುಗೀಸ್, ಕೊರಿಯನ್‌ನಲ್ಲಿ ಬರೆದದ್ದು ಅನುವಾದ ಆಗುವವರೆಗೆ ಕಾಯಬೇಕು. ಇದು ಸಣ್ಣ ವಿಷಯ ಅಲ್ಲ. ಎಲ್ಲರ ವಾಡಿಕೆ ಅಂತ ಕರೆಯಬೇಕಾದರೆ ಎಲ್ಲರ ಹೆಜ್ಜೆಯನ್ನೂ ಎಣಿಸಬೇಕು.

ಇನ್ನು ಕೆಲವು ದೇಶಗಳಲ್ಲಿ ಕೋರ್ಟಿಗೆ ಮೊದಲು ಸರ್ಕಾರವೇ ಬಾಗಿಲು ಕಾಯುತ್ತದೆ. ಭಾರತದ ಸಿವಿಲ್ ಪ್ರಕ್ರಿಯಾ ಸಂಹಿತೆಯ 86ನೇ ಸೆಕ್ಷನ್ ಪ್ರಕಾರ ವಿದೇಶಿ ಸರ್ಕಾರದ ಮೇಲೆ ದಾವೆ ಹೂಡಲು ಕೇಂದ್ರದ ಒಪ್ಪಿಗೆ ಬೇಕು. 1986ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಧಲ್ಲಾ ಕೇಸು ಕಲೋನ್‌ನ ಹೀಟರ್ ಕಥೆಯ ಅವಳಿ. ಅಲ್ಜೀರಿಯಾ ರಾಯಭಾರ ಕಚೇರಿಯ ಕಟ್ಟಡದ ಕೆಲಸ ಮಾಡಿಕೊಟ್ಟವರಿಗೆ ದುಡ್ಡು ಬಾಕಿ. ರಾಜಕೀಯ ಕಾರಣ ಅಂತ ಕೇಂದ್ರ ಒಪ್ಪಿಗೆ ನಿರಾಕರಿಸಿತ್ತು. ಹಾಗೆ ಒಂದೇ ಮಾತಿನಲ್ಲಿ ತಳ್ಳಿಹಾಕುವ ಹಾಗಿಲ್ಲ, ಮತ್ತೆ ಪರಿಶೀಲಿಸಿ ಅಂತ ಕೋರ್ಟು ಹೇಳಿತು. ಪೂರ್ಣ ವಿನಾಯಿತಿ ಕಾಲ ಕಳೆದ ಮಾತು ಅನ್ನುವ ಧಾಟಿ ಆ ತೀರ್ಪಿನಲ್ಲಿದೆ.

ಚೀನಾ ಕಡೆಯ ಬದಲಾವಣೆ ಇದಕ್ಕಿಂತ ದೊಡ್ಡದು. 2011ರಲ್ಲಿ ಹಾಂಗ್‌ಕಾಂಗ್‌ನ ಅಂತಿಮ ಮೇಲ್ಮನವಿ ಕೋರ್ಟು 3ಕ್ಕೆ 2ರಲ್ಲಿ, ಬೀಜಿಂಗ್‌ನ ನಿಲುವನ್ನು ಅನುಸರಿಸಿ, ಕಾಂಗೋಗೆ ಪೂರ್ಣ ವಿನಾಯಿತಿ ಅಂದಿತ್ತು. ಹನ್ನೆರಡು ವರ್ಷದಲ್ಲಿ ಚೀನಾವೇ ಹೊಸ ಕಾನೂನು ಮಾಡಿ, 2024ರ ಜನವರಿ 1ರಿಂದ ವ್ಯಾಪಾರದ ವಿಷಯದಲ್ಲಿ ವಿದೇಶಿ ಸರ್ಕಾರಗಳ ಮೇಲೆ ದಾವೆಗೆ ಬಾಗಿಲು ತೆರೆಯಿತು. 1903ರಲ್ಲಿ ಬೆಲ್ಜಿಯಂ ಇಟ್ಟ ಹೆಜ್ಜೆ ಬೀಜಿಂಗ್ ಮುಟ್ಟಲು 120 ವರ್ಷ ಹಿಡಿಯಿತು.

ಗಡಿಕಲ್ಲು

120 ವರ್ಷ ಅನ್ನೋದನ್ನು ನನ್ನ ವಾದಕ್ಕೂ ತೆಗೆದುಕೊಳ್ಳುತ್ತೇನೆ ಸರ್. ನಿಧಾನ ಇರಲಿ. ಆದರೆ ಒಂದು ಒಪ್ಪಿಕೊಳ್ಳುತ್ತೇನೆ. ನ್ಯಾಯಾಧೀಶರಿಗೆ ಈ ಕೆಲಸ ಯಾರೂ ಕೊಟ್ಟಿಲ್ಲ ಅಂತ ಮೊದಲು ಬರೆದಿದ್ದೆ. ಮಾರ್ಷಲ್ ಕಟ್ಟಿದ ವಿನಾಯಿತಿಯನ್ನು ಒಪ್ಪಿಕೊಂಡು, ಅದನ್ನು ಕಿರಿದು ಮಾಡುವ ಹಕ್ಕು ಮಾತ್ರ ಕೋರ್ಟಿಗಿಲ್ಲ ಅನ್ನೋದು ಸರಿಯಲ್ಲ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಮನೆದೀಪ

ಹಳೆಪತ್ರಿಕೆ ಅವರೇ, ಇಟಲಿಯ ಆ ವಾದಿಗಳಿಗೆ ಕೊನೆಗೆ ಏನಾದರೂ ಸಿಕ್ಕಿತಾ?

ಹಳೆಪತ್ರಿಕೆ

2014ರ ತೀರ್ಪಿನ ನಂತರ ಮತ್ತೆ ದಾವೆಗಳು ಬಂದವು. ರೋಮ್‌ನಲ್ಲಿರುವ ಜರ್ಮನ್ ಸರ್ಕಾರದ ಕಟ್ಟಡಗಳು ಹರಾಜಿಗೆ ಬರುವ ಹಂತ ಮುಟ್ಟಿತು. 2022ರ ಏಪ್ರಿಲ್ ಕೊನೆಗೆ ಜರ್ಮನಿ ಎರಡನೇ ಸಲ ಹೇಗ್‌ಗೆ ಹೋಯಿತು. ಮರುದಿನವೇ ಅನ್ನುವ ಹಾಗೆ ಇಟಲಿ ಸರ್ಕಾರ ಒಂದು ಸುಗ್ರೀವಾಜ್ಞೆ ತಂದಿತು. ಇಟಲಿಯ ನೆಲದಲ್ಲಿ ಅಥವಾ ಇಟಲಿಯವರ ಮೇಲೆ 1939ರಿಂದ 1945ರ ನಡುವೆ ನಡೆದ ಅಪರಾಧಗಳಿಗೆ ಪರಿಹಾರ ಕೊಡಲು ಒಂದು ನಿಧಿ. ತೀರ್ಪು ಗೆದ್ದವರಿಗೆ ಆ ನಿಧಿಯಿಂದ ಹಣ. ಜರ್ಮನ್ ಆಸ್ತಿಯ ಮೇಲಿನ ಜಪ್ತಿ ನಿಲ್ಲುತ್ತದೆ. ಜರ್ಮನಿ ತನ್ನ ತುರ್ತು ಅರ್ಜಿಯನ್ನು ವಾಪಸ್ ತೆಗೆದುಕೊಂಡಿತು. 2023ರಲ್ಲಿ ಇಟಲಿಯ ಸಾಂವಿಧಾನಿಕ ನ್ಯಾಯಾಲಯ ಈ ಏರ್ಪಾಡನ್ನು ಒಪ್ಪಿತು.

ಅಂದರೆ ಹಣ ಕೊಡುವುದು ಇಟಲಿ. ಕೊಂದವರಲ್ಲ. ಡಿಸ್ಟೊಮೊ ನಡೆದದ್ದು ಗ್ರೀಸ್‌ನಲ್ಲಿ, ಸತ್ತವರು ಗ್ರೀಸ್‌ನವರು. ಹಾಗಾಗಿ ಆ ನಿಧಿಯ ಅಳತೆಯೊಳಗೆ ಅವರು ಬರೋದಿಲ್ಲ. ಲಿವಾಡಿಯಾದ 1997ರ ಡಿಕ್ರಿಗೆ ಜರ್ಮನಿ ಹಣ ಕಟ್ಟಿಲ್ಲ.